ಮುಂಚೆಯೇ ಹಾಕಿಟ್ಟ ಸಹಿ

ನನ್ನ ಎಂ.ಎಡ್. ಪದವಿ ಪತ್ರಕ್ಕೆ ನಾನು ಫ್ರೇಮ್ ಹಾಕಿಸಿಲ್ಲ. ತುಮಕೂರಿನ ನಮ್ಮ ಮನೆಯ ಬೀರುವಿನಲ್ಲಿ, ಹಳೆಯ ಸೀರೆಗಳ ಅಡಿಯಲ್ಲಿ, ಅಂಚೆಯಲ್ಲಿ ಬಂದ ಕವರಿನಲ್ಲೇ ಇದೆ. ನೆಂಟರು ಬಂದಾಗ, "ಅಷ್ಟು ಕಷ್ಟ ಬಿದ್ದು ಓದಿದ್ದೀಯ, ಗೋಡೆಗೆ ಹಾಕ್ಬಾರ್ದಾ" ಎಂದು ಕೇಳುತ್ತಾರೆ. ಮೊಳೆ ಹೊಡೆದರೆ ಗೋಡೆ ಉದುರುತ್ತದೆ ಎಂದು ಹೇಳಿ ಕಾಫಿ ತರಲು ಒಳಗೆ ಹೋಗುತ್ತೇನೆ. ಗೋಡೆ ಚೆನ್ನಾಗಿಯೇ ಇದೆ. ಆ ಪದವಿಯ ಕೊನೆಯ ಪರೀಕ್ಷೆ ಮುಗಿಸಿದ ದಿನವೇ ನನ್ನ ಶಾಲೆಯ ಒಬ್ಬ ಹುಡುಗಿಯನ್ನು ಕೈಯಾರೆ ಕಳೆದುಕೊಂಡೆ. ಅದನ್ನು ನೆಂಟರಿಗೆ ಹೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಗುಬ್ಬಿಯಿಂದ ಒಳಗೆ, ಬಸ್ಸು ತನಗೆ ಮನಸ್ಸು ಬಂದಾಗ ಬರುತ್ತಿದ್ದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನದ ಟೀಚರು. ಹೆಡ್‌ಮಾಸ್ಟರು ನಿವೃತ್ತರಾದರು. ಸೀನಿಯಾರಿಟಿ ಪಟ್ಟಿಯಲ್ಲಿ ಮುಂದಿನ ಹೆಸರು ನನ್ನದಿದ್ದುದರಿಂದ ಬೀಗದ ಕೈಗೊಂಚಲು ನನ್ನ ಕೈಗೆ ಬಂತು. ಇದಕ್ಕೆ ಪ್ರಭಾರ ಎನ್ನುತ್ತಾರೆ. ಕುರ್ಚಿ ಕೊಡುತ್ತಾರೆ, ಒರಗಿ ಕೂರಲು ಬಿಡುವುದಿಲ್ಲ. ಶಾಲೆಯ ಗಂಡು ಮೇಷ್ಟರುಗಳು ಮೊದಲ ತಿಂಗಳು ರಜಾ ಚೀಟಿಯನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ನಾನು ತರಗತಿಗೆ ಹೋದ ಹೊತ್ತು ನೋಡಿ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ನಾನೇನು ಕಡಿಮೆಯೇ? ಮೇಜಿನ ಮೇಲೆ ಸಿಕ್ಕಿದ್ದನ್ನೆಲ್ಲ ಕಸವೆಂದು ಬುಟ್ಟಿಗೆ ಹಾಕಿ, ಹಾಜರಿ ಪುಸ್ತಕದಲ್ಲಿ ಗೈರು ಎಂದು ಬರೆದೆ. ಎರಡನೇ ತಿಂಗಳಿಂದ ಕೈಗೇ ಕೊಡತೊಡಗಿದರು.

ಎಂ.ಎಡ್.ಗೆ ಅಂಚೆ ಮೂಲಕ ಸೇರಿದ್ದೂ ಅದೇ ವರ್ಷ. ತುಮಕೂರಿನ ಪಕ್ಕದ ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ ನಮ್ಮ ಮನೆಯವರು, "ಎರಡೂ ಒಟ್ಟಿಗೇ ಬೇಕಾ ನಿಂಗೆ" ಎಂದರು. ಬೇಕು ಎಂದೆ. ತುಮಕೂರಿನಿಂದ ಗುಬ್ಬಿಗೆ ಪ್ಯಾಸೆಂಜರ್ ರೈಲಿನಲ್ಲಿ ಹೋಗುತ್ತಾ ಬರುತ್ತಾ ಓದಿದೆ. ಸೊಪ್ಪಿನ ಬುಟ್ಟಿಗಳ ನಡುವೆ ಕೂತು ಮನೋವಿಜ್ಞಾನದ ನೋಟ್ಸ್ ಉರು ಹೊಡೆಯುತ್ತಿದ್ದ ನನ್ನನ್ನು ಕಂಡು ಸೊಪ್ಪಿನವರು, "ಇವಮ್ಮ ಇನ್ನೂ ಪಾಸಾಗಿಲ್ವಾ" ಎಂದು ನಗುತ್ತಿದ್ದರು.

ಪದವಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಹಳ್ಳಿಯ ಹೆಣ್ಣುಮಕ್ಕಳು ಪ್ರೌಢಶಾಲೆಯನ್ನು ಅರ್ಧಕ್ಕೆ ಯಾಕೆ ಬಿಡುತ್ತಾರೆ ಎಂಬುದು ನಾನು ಆರಿಸಿಕೊಂಡ ವಿಷಯ. ಬಹಳ ಯೋಚಿಸಿ ಆರಿಸಿದ್ದೇನಲ್ಲ, ಕಣ್ಣೆದುರಿಗೇ ಇತ್ತು. ಮೂರು ದಿನ ಯಾವ ಹುಡುಗಿಯಾದರೂ ಶಾಲೆಗೆ ಬರದಿದ್ದರೆ ನಾಲ್ಕನೇ ದಿನ ನಾನು ಛತ್ರಿ ಹಿಡಿದು ಅವಳ ಮನೆ ಬಾಗಿಲಿಗೆ ಹೋಗುತ್ತಿದ್ದೆ. ಜಗಲಿಯ ಮೇಲೆ ಕೂತು, ಕೊಟ್ಟ ಮಜ್ಜಿಗೆ ಕುಡಿದು, ಹುಡುಗಿ ಬಟ್ಟೆ ಬದಲಿಸಿ ಬರುವವರೆಗೂ ಏಳುತ್ತಿರಲಿಲ್ಲ. ನನ್ನ ಗಂಟಲು ದೊಡ್ಡದು. ಇಡೀ ಬೀದಿಗೆ ಕೇಳಿಸುತ್ತದೆ. ಆ ಮುಜುಗರಕ್ಕೆ ಹೆದರಿಯೇ ಎಷ್ಟೋ ಜನ ಮಕ್ಕಳನ್ನು ಕಳಿಸುತ್ತಿದ್ದರು. ಆದರೆ ನನಗೆ ಆ ಹಕ್ಕು ಇದ್ದದ್ದು ಹುಡುಗಿಯ ಹೆಸರು ಹಾಜರಿಯಲ್ಲಿ ಇರುವವರೆಗೆ ಮಾತ್ರ. ವರ್ಗಾವಣೆ ಪತ್ರ, ಅಂದರೆ ಟಿ.ಸಿ., ತೆಗೆದುಕೊಂಡು ಹೋದರೆ ಮುಗಿಯಿತು. ಅವಳು ನಮ್ಮ ಮಗುವಲ್ಲ, ಬಾಗಿಲಿಗೆ ಹೋಗಿ ಕೇಳಲು ನಾವು ಯಾರೂ ಅಲ್ಲ.

ಇದು ಊರಿನವರಿಗೂ ಗೊತ್ತಿತ್ತು.

ಹತ್ತನೇ ತರಗತಿಯ ಮೂರನೇ ಬೆಂಚಿನಲ್ಲಿ ಒಬ್ಬ ಹುಡುಗಿ ಕೂರುತ್ತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ, ಯಾರಾದರೂ ತಪ್ಪು ಉತ್ತರ ಹೇಳಿದರೆ ತಡೆಯಲಾರದೆ ಚಿಟಿಕೆ ಹೊಡೆಯುವ ಅಭ್ಯಾಸ. ಅದಕ್ಕಾಗಿ ಎಷ್ಟು ಸಲ ಬೈದಿದ್ದೆನೋ. ಅವಳ ಅಪ್ಪ ತೆಂಗಿನಕಾಯಿ ಸುಲಿಯುವ ಕೆಲಸದವನು, ಮಿತಭಾಷಿ. ಜೂನ್ ತಿಂಗಳಲ್ಲಿ ಒಂದು ದಿನ ಹುಡುಗಿ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತಳು.

"ಮೇಡಂ, ನಮ್ಮಪ್ಪ ಟಿ.ಸಿ. ಕೇಳಕ್ಕೆ ಬತ್ತಾರಂತೆ."

"ಯಾಕಂತೆ?"

"ಕುಣಿಗಲ್ ತಾವ ಮಾರ್ಕೋನಹಳ್ಳಿ ಕಡೆ ನಮ್ಮವ್ವನ ತಮ್ಮ ಅವ್ರೆ. ಅವ್ರಿಗೆ ಕೊಡ್ತಾರಂತೆ. ಶ್ರಾವಣದಲ್ಲಿ."

ಇನ್ನೂ ಹದಿನೈದರ ಹುಡುಗಿ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ನಮ್ಮ ಕಡೆ ಹೊಸದೇನಲ್ಲ. ಹೊರಗಿನವರಿಗೆ ಕೊಡುವ ಭಯವಿಲ್ಲ ಎಂದುಕೊಳ್ಳುತ್ತಾರೆ. ನನಗೆ ರೇಗಿ ಹೋಯಿತು. "ನೀನೇನಂತೀಯೇ?" ಎಂದು ಕೇಳಿದೆ. "ನಾನು ಪರೀಕ್ಷೆ ಬರೀಬೇಕು ಮೇಡಂ" ಎಂದಳು. ಅಳಲಿಲ್ಲ.

"ನೋಡು, ನನ್ ಸೈನ್ ಇಲ್ದೆ ಟಿ.ಸಿ. ಈ ಕೋಣೆಯಿಂದ ಆಚೆ ಹೋಗಲ್ಲ. ನಾನು ಸೈನ್ ಹಾಕಲ್ಲ. ಆಯ್ತಾ? ಹೋಗ್ ಓದ್ಕೋ ಹೋಗೇ."

ಅವಳು ಅಷ್ಟನ್ನೇ ಕೇಳಲು ಬಂದವಳಂತೆ ಓಡಿದಳು. ಮಾರನೇ ವಾರ, ಮುಗಿಯುತ್ತಾ ಬಂದಿದ್ದ ಪ್ರಬಂಧಕ್ಕೆ ಬಾಕಿಯಿದ್ದ ಕೊನೆಯ ಪ್ರಶ್ನಾವಳಿಯನ್ನು ಹುಡುಗಿಯರಿಗೆಲ್ಲ ಹಂಚಿದೆ. ನೀನು ಓದು ಮುಂದುವರಿಸುವುದನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಪ್ರಶ್ನೆ ಅದರಲ್ಲಿತ್ತು. ತಂದೆ, ತಾಯಿ, ಇತರೆ ಎಂದು ಮೂರು ಚೌಕಗಳು. ಅವಳು ಮೂರನ್ನೂ ಬಿಟ್ಟು ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ "ಹೆಡ್ ಮೇಡಂ" ಎಂದು ಬರೆದಿದ್ದಳು. ಓದಿ ಗಟ್ಟಿಯಾಗಿ ನಕ್ಕೆ. ಹೆಮ್ಮೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಅವಳ ಉತ್ತರವನ್ನು ಇತರೆಯ ಲೆಕ್ಕಕ್ಕೆ ಸೇರಿಸಿದೆ.

ಅವಳ ಅಪ್ಪ ಒಮ್ಮೆ ಬಂದ. ಆಗುವುದಿಲ್ಲ ಎಂದೆ. ತಲೆ ಕೆರೆದುಕೊಂಡು, "ನೀವು ದೊಡ್ಡೋರು, ನೀವೇಳಿದಂಗೆ ಆಗ್ಲಿ ಬುಡಿ" ಎಂದು ಹೋದ. ಗೆದ್ದೆ ಎಂದುಕೊಂಡೆ.

ಆಷಾಢದ ಕೊನೆಯ ವಾರ ನನ್ನ ಕೊನೆಯ ತರಗತಿಗಳು ಮತ್ತು ಪ್ರಬಂಧದ ಮೌಖಿಕ ಪರೀಕ್ಷೆ ತುಮಕೂರಿನ ಕಾಲೇಜೊಂದರಲ್ಲಿ ಗೊತ್ತಾದವು. ಆರು ದಿನ ಶಾಲೆಗೆ ರಜೆ ಹಾಕಬೇಕು. ಹೊರಡುವ ಹಿಂದಿನ ಸಂಜೆ ನಮ್ಮ ಗುಮಾಸ್ತರು ಟಿ.ಸಿ. ಪುಸ್ತಕ ತಂದು ಮೇಜಿನ ಮೇಲೆ ಬಿಚ್ಚಿಟ್ಟರು. ಮೂವತ್ತು ವರ್ಷ ಸರ್ವೀಸಿನ, ಯಾರಿಗೂ ಕೆಟ್ಟದ್ದು ಬಯಸದ ಮನುಷ್ಯ.

"ಒಂದ್ಹತ್ತು ಹಾಳೆಗೆ ಸೈನ್ ಹಾಕ್ಬುಡಿ ಮೇಡಂ. ಎಂಟನೇ ಕ್ಲಾಸಿನೋರು ಬೇರೆ ಸ್ಕೂಲಿಗ್ ಹೋಗೋರಿದಾರೆ. ಪಾಪ, ಜನ ಸುಮ್ನೆ ಅಲೀತಾರೆ. ಹಳೇ ಸಾಹೇಬ್ರೂ ಹಂಗೇ ಮಾಡೋರು."

ಹಳೆಯ ಸಾಹೇಬರೇನು, ಆಗ ಎಲ್ಲ ಶಾಲೆಗಳಲ್ಲೂ ಹಾಗೇ ನಡೆಯುತ್ತಿತ್ತು. ಹೆಡ್‌ಮಾಸ್ಟರು ಮೀಟಿಂಗಿಗೆ, ತರಬೇತಿಗೆ ಎಂದು ಹೊರಟರೆ ಖಾಲಿ ಹಾಳೆಗಳಿಗೆ ಸಹಿ ಮಾಡಿ ಹೋಗುವುದು, ಗುಮಾಸ್ತರು ತುಂಬಿ, ಮೊಹರು ಒತ್ತಿ ಕೊಡುವುದು. ಅದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ, ಜನರಿಗೆ ಉಪಕಾರ ಎನ್ನುತ್ತಿದ್ದರು. ನನ್ನ ತಲೆಯಲ್ಲಿ ಪರೀಕ್ಷಕರು ಕೇಳಬಹುದಾದ ಪ್ರಶ್ನೆಗಳು ಓಡುತ್ತಿದ್ದವು. ಹಾಳೆ ತಿರುವುತ್ತಾ ಹತ್ತು ಸಹಿ ಮಾಡಿದೆ. ಆ ಹುಡುಗಿಯ ಹೆಸರು ಹೇಳಿ, ಅವಳದ್ದು ಮಾತ್ರ ಕೊಡಬೇಡಿ ಎಂದು ಎಚ್ಚರಿಸಿದ್ದರೆ ಸಾಕಿತ್ತು. ನೆನಪಿಗೇ ಬರಲಿಲ್ಲ. ಅವಳ ವಿಷಯ ಇತ್ಯರ್ಥವಾಯಿತೆಂದು ನನ್ನ ಮನಸ್ಸು ಕಡತ ಮುಚ್ಚಿತ್ತು.

ಮೌಖಿಕ ಪರೀಕ್ಷೆ ಬಹಳ ಚೆನ್ನಾಯಿತು. ಇಬ್ಬರು ಪರೀಕ್ಷಕರಲ್ಲಿ ಹಿರಿಯರಾದವರು, "ಇತರೆ ಅಂದರೆ ಯಾರಮ್ಮ?" ಎಂದು ಕೇಳಿದರು. ನಾನು ಆ ಹುಡುಗಿಯ ಉತ್ತರದ ಕಥೆ ಹೇಳಿದೆ. ಇಬ್ಬರೂ ನಕ್ಕರು. "ಶಾಲೆಯ ನಾಯಕತ್ವ ಅಂದರೆ ಇದೇ" ಎಂದು ಹಿರಿಯರು ಮೇಜು ತಟ್ಟಿದರು. ಹೊರಗೆ ಬಂದು, ಬಿಸಿಲಲ್ಲಿ ನಿಂತು ಎರಡು ಲೋಟ ಕಬ್ಬಿನ ಹಾಲು ಒಟ್ಟಿಗೇ ಕುಡಿದೆ.

ಶಾಲೆಗೆ ಮರಳಿದ ದಿನ ಮೂರನೇ ಬೆಂಚಿನಲ್ಲಿ ಜಾಗ ಖಾಲಿಯಿತ್ತು. ಗುಮಾಸ್ತರನ್ನು ಕೇಳಿದರೆ, "ಅವ್ರಪ್ಪ ಬಂದಿದ್ರಲ್ಲ ಮೇಡಂ, ಕುಣಿಗಲ್ ಕಡೆ ಸ್ಕೂಲಿಗೆ ಸೇರಿಸ್ತಾರಂತೆ" ಎಂದು ಸಹಜವಾಗಿ ಹೇಳಿದರು. ಟಿ.ಸಿ. ಪುಸ್ತಕ ತರಿಸಿದೆ. ಕಚೇರಿಯಲ್ಲಿ ಉಳಿಯುವ ಅರ್ಧ ಹಾಳೆಯಲ್ಲಿ ಅವಳ ಹೆಸರು. ಶಾಲೆ ಬಿಟ್ಟ ಕಾರಣ, ಪೋಷಕರ ಕೋರಿಕೆ. ಕೆಳಗೆ ನನ್ನ ಸಹಿ. ತಾರೀಖು ನನ್ನ ಮೌಖಿಕ ಪರೀಕ್ಷೆಯ ದಿನದ್ದು. ನಾನು ಅವಳ ಕಥೆ ಹೇಳಿ ಪರೀಕ್ಷಕರನ್ನು ನಗಿಸುತ್ತಿದ್ದ ದಿನ ಅವಳಪ್ಪ ಆ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗಿದ್ದ.

ಆ ಬಡಪಾಯಿ ಗುಮಾಸ್ತರ ಮೇಲೆ ಕೂಗಾಡಿದೆ. ಆಮೇಲೆ ಛತ್ರಿಯನ್ನೂ ಮರೆತು ಹುಡುಗಿಯ ಮನೆಗೆ ನಡೆದೆ. ಬೀಗ ಹಾಕಿತ್ತು. ಎಲ್ಲರೂ ಕುಣಿಗಲ್ ಕಡೆ ಹೋಗಿದ್ದಾರೆ, ಶ್ರಾವಣದ ಮೊದಲ ಲಗ್ನಕ್ಕೇ ಮದುವೆ ಎಂದು ಪಕ್ಕದ ಮನೆಯವರು ಹೇಳಿದರು.

ತಡೆಯಬಹುದಿತ್ತೇ? ಬಹುದಿತ್ತು. ಇನ್ನೂ ನಾಲ್ಕು ದಿನಗಳಿದ್ದವು. ತಹಶೀಲ್ದಾರರಿಗೆ ಒಂದು ಅರ್ಜಿ ಕೊಡಬಹುದಿತ್ತು, ಪೊಲೀಸಿಗೆ ಹೇಳಬಹುದಿತ್ತು. ಅರ್ಜಿಯ ಮೊದಲ ಸಾಲನ್ನು ಬರೆದೂ ಇದ್ದೆ. ಅಷ್ಟರಲ್ಲಿ, ಹಾಗಾದರೆ ಟಿ.ಸಿ. ಕೊಟ್ಟವರು ಯಾರು ಎಂದು ಕೇಳುತ್ತಾರಲ್ಲ ಎಂಬುದು ಹೊಳೆಯಿತು. ಖಾಲಿ ಹಾಳೆಗೆ ಸಹಿ ಮಾಡಿದ್ದು ಹೊರಗೆ ಬೀಳುತ್ತದೆ, ಪ್ರಭಾರ ಹೋಗುತ್ತದೆ, ಮುಂದಿನ ಬಡ್ತಿಗೆ ಕಲ್ಲು ಬೀಳುತ್ತದೆ. ಪೆನ್ನಿನ ಮುಚ್ಚಳ ಹಾಕಿದೆ. ನಾನು ಹೇಡಿ ಎಂದು ನನಗೆ ತಿಳಿದದ್ದು ಅವತ್ತು. ಆ ಹಾಳೆಯನ್ನು ನಾಲ್ಕು ಚೂರು ಮಾಡಿ ನನ್ನ ಕೈಚೀಲದಲ್ಲೇ ಮನೆಗೆ ಒಯ್ದೆ.

ಪ್ರಬಂಧದ ಪಟ್ಟಿಯಲ್ಲಿ ಅವಳು ಓದು ಮುಂದುವರಿಸಿದವರ ಸಾಲಿನಲ್ಲೇ ಉಳಿದಳು. ಪದವಿ ಬಂದಾಗ ಶಾಲೆಯಲ್ಲಿ ನನಗೆ ಹಾರ ಹಾಕಿ, ಶಾಲು ಹೊದಿಸಿದರು. ರಜಾ ಚೀಟಿಯ ಮೇಷ್ಟರುಗಳೇ ಹೊಗಳಿ ಮಾತಾಡಿದರು. ಸುಗಂಧರಾಜದ ಹಾರ ಕೊರಳಿಗೆ ಭಾರವಾಗಿತ್ತು. ನಾನು ಅತ್ತೆ, ಆನಂದಬಾಷ್ಪ ಎಂದು ಎಲ್ಲರೂ ಚಪ್ಪಾಳೆ ಹೊಡೆದರು.

ಅದಾದ ಮೇಲೆ ನಾನು ಖಾಲಿ ಹಾಳೆಗೆ ಸಹಿ ಮಾಡಿದ್ದಿಲ್ಲ. ಟಿ.ಸಿ. ಬೇಕಾದರೆ ಅಪ್ಪ ಅಮ್ಮ ಬಂದರೆ ಸಾಲದು, ಮಗುವೂ ನನ್ನೆದುರು ಕೂರಬೇಕು, ಅದರ ಬಾಯಿಂದಲೇ ಕಾರಣ ಕೇಳಬೇಕು ಎಂದು ನಿಯಮ ಮಾಡಿದೆ. ಜ್ವರದಲ್ಲಿ ಮಲಗಿದ್ದಾಗಲೂ ಪುಸ್ತಕವನ್ನು ಮನೆಗೇ ತರಿಸಿ ಓದಿದ್ದೇನೆ. "ಮೇಡಂ ತಮ್ಮ ಲಗ್ನಪತ್ರಿಕೇನೂ ಎರಡ್ ಸಲ ಓದಿ ಒಪ್ಕೊಂಡಿರ್ಬೇಕು" ಎಂದು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದರು. ಎಂ.ಎಡ್. ಇದ್ದುದರಿಂದ ಬಡ್ತಿ ಬೇಗ ಬಂತು, ಕುಣಿಗಲ್ಲಿನ ದೊಡ್ಡ ಶಾಲೆಗೆ ಹೋದೆ. ಹೊಸ ಮುಖ್ಯೋಪಾಧ್ಯಾಯರ ತರಬೇತಿಗಳಲ್ಲಿ ನನ್ನನ್ನು ನಿಲ್ಲಿಸಿ, ಆ ನಿಯಮದ ಬಗ್ಗೆ ಮಾತಾಡಿಸುತ್ತಿದ್ದರು. ಮಾತಾಡುತ್ತಿದ್ದೆ. ಅದನ್ನು ಎಲ್ಲಿ ಕಲಿತೆ ಎಂಬುದನ್ನು ಮಾತ್ರ ನುಂಗಿಕೊಳ್ಳುತ್ತಿದ್ದೆ.

ಏಳು ವರ್ಷ ಕಳೆದಿತ್ತು. ಕುಣಿಗಲ್ಲಿನ ಶಾಲೆಯಲ್ಲಿ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟುವವರ ಅರ್ಜಿ ತೆಗೆದುಕೊಳ್ಳುತ್ತಿದ್ದ ದಿನಗಳು. ಮಧ್ಯಾಹ್ನ ಒಬ್ಬ ಹೆಂಗಸು ಒಳಗೆ ಬಂದು ನನ್ನನ್ನು ನೋಡಿ ಅಲ್ಲೇ ನಿಂತಳು. ಜಡೆ ಈಗ ಒಂದೇ. ನನಗೆ ತಕ್ಷಣ ಗುರುತು ಸಿಕ್ಕಿತು.

"ಮೇಡಂ! ನೀವಿಲ್ಲಿದೀರಾ!"

ಕೂರಿಸಿದೆ. ಮಾರ್ಕೋನಹಳ್ಳಿ ಹತ್ತಿರವೇ ಮನೆ, ಚಾನಲ್ ನೀರಿನ ಗದ್ದೆ, ಇಬ್ಬರು ಮಕ್ಕಳು. ಗಂಡ ಒಳ್ಳೆಯವನೇ ಎಂದಳು. ಅಂಗನವಾಡಿ ಕೆಲಸಕ್ಕೆ ಹತ್ತನೇ ತರಗತಿ ಪಾಸಾಗಿರಬೇಕಂತೆ. ಪ್ಲಾಸ್ಟಿಕ್ ಕವರಿನಿಂದ ಆ ಟಿ.ಸಿ.ಯನ್ನೂ ಅದರ ಜೆರಾಕ್ಸನ್ನೂ ತೆಗೆದು ಮೇಜಿನ ಮೇಲಿಟ್ಟಳು. ಮಡಿಕೆಗಳು ಸವೆದಿದ್ದವು, ನನ್ನ ಸಹಿ ನಿನ್ನೆ ಹಾಕಿದಂತಿತ್ತು.

"ಅವತ್ತು ನಾನು ಮನೇಲಿ ಬಾಳ ಜಗಳ ಆಡ್ದೆ ಮೇಡಂ. ಎರಡ್ ದಿನ ಉಣ್ಲಿಲ್ಲ. ನಮ್ ಮೇಡಂ ಸೈನ್ ಹಾಕಲ್ಲ, ನೀವ್ ಏನ್ ಮಾಡ್ತೀರ ಅಂತ ಹಟ ಹಿಡ್ದಿದ್ದೆ. ಆಮೇಲೆ ಅಪ್ಪ ಇದನ್ ತಂದು ತೋರಿಸ್ತು. ನಿಮ್ ಸೈನ್ ನಂಗೆ ಚೆನ್ನಾಗ್ ಗೊತ್ತಲ್ಲ. ಮೇಡಮ್ಮೇ ಒಪ್ಕೊಂಡವ್ರೆ ಅಂದ್ರೆ ಇದೇ ಸರಿ ಇರ್ಬೇಕು ಅಂತ ಎದ್ದು ಉಂಡೆ."

ಅವಳು ದೂರುತ್ತಿರಲಿಲ್ಲ. ನಾನು ತಿಳಿದು ಮಾಡಿದ್ದೆಂದೇ ಇಷ್ಟು ವರ್ಷ ನಂಬಿದ್ದಳು. ಹಾಗೇ ಬಿಟ್ಟುಬಿಡಬಹುದಿತ್ತು. ಅವಳ ನೆನಪಿನಲ್ಲಿ ನಾನು ತೂಕವಿರುವ ಹೆಂಗಸಾಗಿಯೇ ಉಳಿಯುತ್ತಿದ್ದೆ. ಆದರೆ ಇನ್ನೊಂದು ಸಲ ಪೆನ್ನಿನ ಮುಚ್ಚಳ ಹಾಕಲು ನನ್ನಿಂದ ಆಗಲಿಲ್ಲ. ಹೇಳಿದೆ. ಖಾಲಿ ಹಾಳೆ, ಹತ್ತು ಸಹಿ, ತುಮಕೂರಿನ ಪರೀಕ್ಷೆ, ಹರಿದು ಹಾಕಿದ ಅರ್ಜಿ, ಎಲ್ಲವನ್ನೂ ಹೇಳಿದೆ. ನನ್ನ ದೊಡ್ಡ ಗಂಟಲಿನಿಂದ ಮಾತು ಹೊರಡಲು ಅಷ್ಟು ಕಷ್ಟವಾದದ್ದು ಅದೊಂದೇ ಸಲ.

ಅವಳು ಮೇಜಿನ ಮೇಲಿನ ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡು ಸಹಿಯನ್ನು ನೋಡಿದಳು. ಹೊರಗೆ ಮಕ್ಕಳು ಡ್ರಿಲ್ ಮಾಡುತ್ತಿದ್ದರು.

"ಗೊತ್ತಿದ್ದಿದ್ರೆ ನಾನು ಉಣ್ತಿರ್ಲಿಲ್ಲ ಮೇಡಂ" ಎಂದಳು.

ನಾನು ಕೈ ಮುಗಿದೆ. ಅವಳು ನೋಡದವಳಂತೆ ಅರ್ಜಿಯ ಮೂಲೆ ಸರಿಮಾಡಿದಳು. ಜೆರಾಕ್ಸ್ ಪ್ರತಿಗೆ ಮುಖ್ಯೋಪಾಧ್ಯಾಯರ ದೃಢೀಕರಣ ಬೇಕಿತ್ತು, ಅಂದರೆ ನನ್ನ ಸಹಿ. ಅದನ್ನು ನನ್ನ ಕಡೆಗೆ ತಳ್ಳಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ಈ ಸಲ ಓದಿ ಹಾಕಿ."

ಮೊದಲ ಸಾಲಿನಿಂದ ಓದಿದೆ. ಅವಳ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಸೇರಿದ ತರಗತಿ. ಶಾಲೆ ಬಿಟ್ಟ ಕಾರಣ ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು. ಅವಳು ಕಾಯುತ್ತಾ ಕೂತಿದ್ದಳು.