ಸೋತವರೇ ಬರೆಯಬೇಕು

ಹಿಂಡಲಗಾದ ಶಾಲೆಯಲ್ಲಿ ಸಾತವ್ವನ ಇಂಗ್ಲಿಷ್ ಪಾಠ ಕೇಳಿದವರು ಈಕೆ ಕಾನ್ವೆಂಟಿನಲ್ಲಿ ಓದಿರಬೇಕು ಎಂದುಕೊಳ್ಳುತ್ತಾರೆ. ನನಗೆ ನಗು ಬರುತ್ತದೆ. ಹತ್ತು ವರ್ಷದ ಹಿಂದೆ, ೧೯೭೪ರಲ್ಲಿ, ಖಾನಾಪುರದ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಈ ಕುರಿಗಾರರ ಹುಡುಗಿಗೆ ತನ್ನ ಹೆಸರು ಬಿಟ್ಟರೆ ಇಂಗ್ಲಿಷಿನಲ್ಲಿ ಏನೂ ಬರೆಯಲು ಬರುತ್ತಿರಲಿಲ್ಲ.

ಆಗ ನಾವು ಒಂಬತ್ತನೇ ಇಯತ್ತೆ. ಗುರುಪುತ್ರಪ್ಪ ಮಾಸ್ತರರು ಒಂದು ದಿನ 'ಸರ್ಪಾಸ್' ಎಂಬ ಕ್ರಿಯಾಪದ ಕಲಿಸಿದರು.

"ಒಬ್ಬರನ್ನ ಹಿಂದ ಹಾಕಿ ಮುಂದ ಹೋಗೂದು. ಹಿಂದ ಬೀಳಾವರು ಇಲ್ಲಂದ್ರ ಈ ಶಬ್ದಕ್ಕ ಕೆಲಸನಽ ಇಲ್ಲ."

ಅಷ್ಟಕ್ಕೇ ಬಿಡುವ ಆಸಾಮಿಯಲ್ಲ ಅವರು. ಅಂದಿನಿಂದ ಹೊಸ ಕಾನೂನು ಬಂತು. ಲೆಕ್ಕವಿರಲಿ, ಹಾಡಿರಲಿ, ಹೊಲಿಗೆಯಿರಲಿ, ಸೋತವರು ಎದ್ದು ಬಂದು, ತಮ್ಮನ್ನು ಯಾರು ಸರ್ಪಾಸ್ ಮಾಡಿದರು, ಯಾವುದರಲ್ಲಿ, ಹೇಗೆ ಎಂದು ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆಯಬೇಕು. ಗೆದ್ದವರು ಕೂತು ಚಪ್ಪಾಳೆ ಹೊಡೆಸಿಕೊಳ್ಳಬೇಕು.

ಗೆಲ್ಲುವವಳು ಯಾವಾಗಲೂ ಬಟ್ಟೆ ಅಂಗಡಿಯವರ ಮಗಳು ಕಾಂತಾ. ಓಟದಲ್ಲಾದರೆ ಸಾತವ್ವ ಯಾರಿಗೂ ಸಿಗುತ್ತಿರಲಿಲ್ಲ, ಆದರೆ ನಮ್ಮ ಪುಣ್ಯವಂತ ಶಾಲೆಯಲ್ಲಿ ಹುಡುಗಿಯರಿಗೆ ಓಟವೇ ಇರಲಿಲ್ಲ.

ದಸರೆಯ ಮೊದಲಿನ ಪರೀಕ್ಷೆಯಲ್ಲಿ ಸಾತವ್ವ ಇಂಗ್ಲಿಷಿನಲ್ಲಿ ಮುಗ್ಗರಿಸಿದಳು. ಅವಳ ಅಪ್ಪ ಸಿದರಾಯ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ವರ್ಗದ ಬಾಗಿಲಿಗೇ ಬಂದ.

"ಮಾಸ್ತರ್ರ, ವರ್ಷದ ಕೊನಿಗೂ ನಪಾಸಾದ್ಲಂದ್ರ ಸಾಲಿ ಬಿಡಸ್ತೀನ್ರಿ. ಕುರಿ ಹಿಂದ ಹೋಗಾಕ ಮಂದಿ ಬೇಕಾಗ್ಯಾರ."

ಸಾತವ್ವ ಎದ್ದು ನಿಂತಳು. "ಪಾಸ್ ಅಷ್ಟಽ ಅಲ್ಲಪ್ಪ, ಕಾಂತಾನ್ನ ಹಿಂದ ಹಾಕ್ತೀನಿ."

ವರ್ಗವೆಲ್ಲ ಗೊಳ್ಳೆಂದು ನಕ್ಕಿತು.

ಆಮೇಲೆ ಶುರುವಾಯಿತು ನೋಡಿ ಅವಳ ಹುಚ್ಚು. ಯಾವ ಪೈಪೋಟಿ ನಡೆದರೂ ಮೊದಲು ಕೈ ಎತ್ತುವವಳು ಇವಳೇ. ರಂಗೋಲಿ ಬಿಡಲು ಬರುತ್ತಿರಲಿಲ್ಲ, ಹೆಸರು ಕೊಟ್ಟಳು. ಹಾಡಿದರೆ ನಾವು ಕಿವಿ ಮುಚ್ಚಿಕೊಳ್ಳಬೇಕಿತ್ತು, ಅದಕ್ಕೂ ಕೊಟ್ಟಳು. ಪ್ರತಿ ಸಲ ಸೋತು, ಸೀದಾ ಹಲಗೆಗೆ ಹೋಗುತ್ತಿದ್ದಳು. "ದಾರ ಹರೀತು ಅನ್ನಾಕ ಏನಂತಾರ್ರಿ ಸರ್?" "ದನಿ ಒಡೀತು ಅನ್ನಾಕ?" ಮಾಸ್ತರರು ಹೇಳುತ್ತಿದ್ದರು, ಇವಳು ಬರೆಯುತ್ತಿದ್ದಳು. ದೀಪಾವಳಿಗೆ ಎರಡು ಸಾಲಿದ್ದದ್ದು ಶಿವರಾತ್ರಿಯ ಹೊತ್ತಿಗೆ ಹಲಗೆಯ ತುಂಬ ಆಯಿತು. ಮಾನ ಮರ್ಯಾದೆ ಇಲ್ಲದ ಹುಡುಗಿ ಎಂದು ನಾವು ಆಡಿಕೊಂಡೆವೇ ಹೊರತು, ಅವಳು ಮಾಡುತ್ತಿರುವುದೇನೆಂದು ಒಬ್ಬರಿಗೂ ಹೊಳೆಯಲಿಲ್ಲ.

ವಾರ್ಷಿಕ ಪರೀಕ್ಷೆಯ ಫಲಿತಾಂಶದ ದಿನ ಸಿದರಾಯ ಬಾಗಿಲಲ್ಲೇ ನಿಂತಿದ್ದ. ಇಂಗ್ಲಿಷಿನಲ್ಲಿ ವರ್ಗಕ್ಕೆ ಮೊದಲು ಸಾತವ್ವ, ಎರಡನೆಯವಳು ಕಾಂತಾ. ಮಾಸ್ತರರು ಒಮ್ಮೆ ಕೆಮ್ಮಿ, ಹಲಗೆಗೆ ಬರೆಯುವ ಖಡುವನ್ನು ಕಾಂತಾಳ ಕೈಗೆ ಕೊಟ್ಟರು.

ವರ್ಷವಿಡೀ ಗೆದ್ದ ಕಾಂತಾ ಹಲಗೆಯ ಹತ್ತಿರ ಹೋದದ್ದು ಅದೇ ಮೊದಲು. ಸಾತವ್ವನ ಹೆಸರು ಬರೆದಳು, ಮುಂದೆ ಕೈ ಓಡಲಿಲ್ಲ. ಕಣ್ಣು ತುಂಬಿ ಬಂದವು. ನನಗೂ ಅಯ್ಯೋ ಅನಿಸಿತು.

"ಸಾತವ್ವ, ನನಗ ಆಗೂದಿಲ್ಲ. ನೀನಽ ಬರದು ಬಿಡ," ಎಂದಳು.

ಸಾತವ್ವ ಎದ್ದು ಹೋಗಿ ಖಡು ಇಸಿದುಕೊಂಡಳು. ಬರೆದೇ ಬಿಡುತ್ತಾಳೆ ಎಂದುಕೊಂಡೆವು. ಅವಳು ಕಾಂತಾಳ ಕೆನ್ನೆಯನ್ನು ತನ್ನ ಸೆರಗಿನಿಂದ ಒರೆಸಿ, ಖಡುವನ್ನು ತಿರುಗಿ ಅವಳ ಕೈಯಲ್ಲೇ ಇಟ್ಟಳು.

"ನೀನಽ ಬರಿ ಕಾಂತಾ. ನಾ ಕಲತದ್ದು ಇಲ್ಲೇ ನಿಂತಽ."