ಹೊಳೆಗೆ ಬಿಟ್ಟ ಕುಲಾವಿ

ಹಾಲಮ್ಮ, ಆ ಕುಲಾವಿಯನ್ನು ನೀನು ಕಳೆಯಲಿಲ್ಲ. ನಾನೇ ಹರಿಹರಕ್ಕೆ ಒಯ್ದು ಹೊಳೆಗೆ ಬಿಟ್ಟೆ. ಬಿಟ್ಟು ಬಂದು, ನಿನ್ನ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ.

ಇಷ್ಟು ವರ್ಷ ಈ ಮಾತು ನನ್ನ ಗಂಟಲು ದಾಟಲಿಲ್ಲ. ಬೇರೆಯವರ ಗಂಟಲಲ್ಲಿ ಸಿಕ್ಕಿಕೊಂಡದ್ದನ್ನು ಹೊರಗೆ ತರಿಸುವುದೇ ನನ್ನ ಕಸುಬು — ನೋಡು, ಎಂಥ ಕಸುಬುದಾರ.

ಬೆಂಗಳೂರಿನ ಮನೋರೋಗದ ಆಸ್ಪತ್ರೆಯೊಂದರಲ್ಲಿ ಕೆಲವು ಕಾಲ ದುಡಿದು, ನೊಂದವರ ಜೊತೆ ಕೂತು ಮಾತಾಡುವ ಕೆಲಸ ಕಲಿತು, ಊರಿಗೆ ಮರಳಿ ಮಂಡಿಪೇಟೆಯಲ್ಲಿ ಡಾಕ್ಟರೊಬ್ಬರ ದವಾಖಾನೆಯ ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿದ್ದೆ. ಎದುರಿನ ಮಂಡಿಯ ಸಾಹುಕಾರರು ಚೇಷ್ಟೆ ಮಾಡುತ್ತಿದ್ದರು: "ಏನ್ರೀ, ಸೂಜಿನೂ ಇಲ್ಲ, ಗುಳಿಗಿನೂ ಇಲ್ಲ, ಬರೇ ಎರಡು ಕಿವಿ ಇಟ್ಕಂಡು ಅಂಗಡಿ ತೆಗ್ದೀರಲ್ರಿ!" ನಾನೂ ನಗುತ್ತಿದ್ದೆ. ಹೌದು, ನನ್ನಲ್ಲಿದ್ದದ್ದು ಕಿವಿಯೇ. ಬಂದವರಿಗೆ ನೀರು, ಬೆಲ್ಲ ಕೊಟ್ಟು ಸುಮ್ಮನೆ ಕೂರುವುದನ್ನು ನಮ್ಮಜ್ಜಿಯಿಂದಲೇ ಕಲಿತಿದ್ದೆ.

ನಿನ್ನನ್ನು ಹದಡಿಯಿಂದ ನಿಮ್ಮತ್ತೆ ಕರೆತಂದಳು. ಮಗು ಜ್ವರದಲ್ಲಿ ಹೋಗಿತ್ತು. ನಿನ್ನ ತಾಯಿ ಹಳೇ ಸೀರೆಯ ತುಂಡುಗಳನ್ನು ಕೂಡಿಸಿ ಮೊಮ್ಮಗಳ ತಲೆಗೆ ಹೊಲಿದ ಕುಲಾವಿ ನಿನ್ನ ಸೆರಗಿನಲ್ಲಿತ್ತು. ಹೊಲಕ್ಕೆ ಹೋದರೂ ಅದು, ಮಲಗಿದರೂ ಅದು. ಎಲ್ಲರೂ ಕಿತ್ತುಕೊಳ್ಳಲು ನೋಡಿದ್ದರು. ನಾನು ಕಿತ್ತುಕೊಳ್ಳಲಿಲ್ಲ. ಇಲ್ಲೇ ಗೋಡೆಯ ಗೂಡಿನಲ್ಲಿ ಇಟ್ಟಿರು ತಾಯಿ, ಪ್ರತಿ ಸೋಮವಾರ ಬಾ, ಬೇಕಾದಷ್ಟು ಹೊತ್ತು ಹಿಡಿದುಕೊಂಡು ಕೂರು ಅಂದೆ. ಬಹಳ ಹೊತ್ತು ಯೋಚಿಸಿ ನೀನು ಅದನ್ನು ನನ್ನ ಕೈಗಿಟ್ಟೆ.

"ಹುಷಾರ್ರಿ ಅಣ್ಣಾರೆ. ಅದಕ್ಕೆ ಬಿಸ್ಲು ತಡಿಯಲ್ಲ."

ಯಾಕೆ ಅಳ್ತೀಯ ಅಂತ ನಾನೆಂದೂ ಕೇಳಲಿಲ್ಲ. ಮಗು ಏನು ತಿಂತಿತ್ತು ಅಂತ ಕೇಳಿದೆ. ಕುಲಾವಿ ಹಿಡಿದುಕೊಂಡು ನೀನು ವಾರ ವಾರವೂ ಒಂದೊಂದೇ ಮಾತು ಆಡಿದೆ. "ಮಂಡಕ್ಕಿ ಅಂದ್ರೆ ಜೀವ ರೀ. ಗಲ್ಲಕ್ಕೆಲ್ಲ ಮೆತ್ಕಂಡು ನನ್ನೇ ನೋಡಿ ನಗಾಳು, ಕಳ್ಳಿ!" ಅಂದು ನೀನೇ ನಕ್ಕೆ. ನಕ್ಕ ಮೇಲೆ ಗೌರಿ ಅಂತ ಮಗುವಿನ ಹೆಸರು ಹಿಡಿದೆ, ಮೊದಲ ಸಲ. ಆವತ್ತು ನನ್ನ ಎದೆ ಉಬ್ಬಿತು — ನನ್ನ ವಿದ್ಯೆಗೆ ಉಬ್ಬಿತು. ಅದೇ ಕೆಟ್ಟದ್ದು.

ನೀನು ಮತ್ತೆ ಬಸುರಾದೆ. ನಿಮ್ಮತ್ತೆ ಒಬ್ಬಳೇ ಬಂದಳು.

"ಸತ್ತ ಕೂಸಿನ ಬಟ್ಟೆ ಬಸುರಿ ಕೈಯಾಗೆ ಬ್ಯಾಡ್ರಿ. ಹೊಳಿಗೆ ಬಿಟ್ಬಿಡಾಣ."

ಬಿಡುವುದಾದರೆ ನೀನೇ ಬಿಡಬೇಕು, ನಿನಗೆ ಮನಸ್ಸಾದಾಗ — ಇದು ನನಗೆ ಗೊತ್ತಿತ್ತು. ನಾನು ಕಲಿತದ್ದರಲ್ಲಿ ಅದೇ ಮುಖ್ಯವಾದದ್ದು. ಆದರೆ ಹಿರಿಯರ ಆ ಅಂಜಿಕೆ ನನ್ನೊಳಗೂ ಇತ್ತು. ನೀನು ಹೆಂಗೂ ಗುಣವಾಗಿದ್ದೀ ಅನ್ನುವ ಅಹಂಕಾರವೂ... ನಿನ್ನನ್ನು ಒಂದು ಮಾತು ಕೇಳಲಿಲ್ಲ. ನಿಮ್ಮತ್ತೆಗೆ, ನೀವು ಬಾಯಿ ಬಿಡಬ್ಯಾಡ್ರಿ, ನಾನೇ ಹೇಳ್ತೀನಿ ಅಂದು ರೈಲು ಹತ್ತಿದೆ.

ಹರಿಹರದಲ್ಲಿ ಕುಲಾವಿ ಮುಳುಗಲಿಲ್ಲ, ಹಾಲಮ್ಮ. ಗಾಳಿ ತುಂಬಿಕೊಂಡು, ಸುತ್ತು ಹಾಕಿ, ಮೆಟ್ಟಿಲ ಹತ್ತಿರವೇ ಬಂತು. ಕಾಲಿನಿಂದ ತಳ್ಳಿದೆ.

ಸೋಮವಾರ ನೀನು ಬಂದು, ನೀರು ಕುಡಿದು, ಎಂದಿನಂತೆ ಕೈ ಚಾಚಿದೆ. ಹೇಳಲೆಂದೇ ಬಾಯಿ ತೆರೆದೆ. ಆದರೆ ಆ ಚಾಚಿದ ಕೈ ನೋಡಿ — ಇವಳು ಇನ್ನೆಂದೂ ನನ್ನನ್ನು ನಂಬಲಾರಳು ಅಂತ ಹೆದರಿ —

"ಹೋದ ವಾರ ನೀನೇ ತಗಂಡು ಹೋದ್ಯಲ್ಲಮ್ಮ?"

ನೀನು ನಿನ್ನ ಅಂಗೈ ನೋಡಿಕೊಂಡೆ. ತಿರುವಿ ನೋಡಿಕೊಂಡೆ.

"ಹೌದೇನ್ರಿ ಅಣ್ಣಾರೆ? ನಂಗೆ ನೆನಪೇ ಇಲ್ಲ... ನೀವು ಅಂದ ಮ್ಯಾಲೆ ಹೌದೇ ಇರಬೇಕು."

ಅತ್ತು ರಂಪ ಮಾಡಿದ್ದರೆ ನಾನು ಉಳಿಯುತ್ತಿದ್ದೆನೇನೋ. ನೀನು ನಂಬಿದೆ. ಮತ್ತೆ ಬರಲಿಲ್ಲ.

ಹೆರಿಗೆಯಾದ ಮೇಲೆ ನಿಮ್ಮತ್ತೆ ಬಂದಳು. ಗಂಡು ಮಗು ಅಂದಳು, ಮುಖದಲ್ಲಿ ಗೆಲುವಿಲ್ಲ. "ಎತ್ಕಳಲ್ಲ ರೀ. ಮಲಿ ಕೊಡ್ತಾಳೆ, ನನ್ ಕೈಗೆ ಕೊಟ್ಬಿಡ್ತಾಳೆ. ಕುಲಾವಿ ಎಲ್ಲಿಟ್ಟೆ ಅಂಬದೇ ಗೊತ್ತಿಲ್ದಾಕಿ, ಕೂಸನ್ನ ಎಲ್ಲಾದ್ರೂ ಇಟ್ಟು ಮರೆತ್ರೆ ಹೆಂಗೆ ಅತ್ತಿ ಅಂತಾಳೆ. ಹೊಳಿಗೆ ಬಿಟ್ಟಿದ್ದು ಹೇಳಿಬಿಡ್ಲೇನ್ರಿ?"

ದೇವರು ಎರಡನೇ ಸಲ ಬಾಗಿಲು ತೆರೆದಿದ್ದ. ನಾನು ಅಂದೆ: "ಬ್ಯಾಡ್ರಿ. ಈಗ ಹೇಳಿದ್ರೆ ಇನ್ನೂ ಕೆಡ್ತತಿ."

ಕೆಡುತ್ತಿದ್ದದ್ದು ನನ್ನ ಹೆಸರು, ಅಷ್ಟೇ.

ಆ ಚಾಪೆಯ ಮೇಲೆ ಆಮೇಲೂ ಎಷ್ಟೋ ಜನ ಕೂತು ಹಗುರಾಗಿ ಎದ್ದು ಹೋದರು. ಸಾಹುಕಾರರೂ ಈಗ ಚೇಷ್ಟೆ ಮಾಡುವುದಿಲ್ಲ, ಕೈ ಮುಗಿಯುತ್ತಾರೆ. ಪ್ರತಿ ಸಲ ಆ ಖಾಲಿ ಗೂಡು ಕಣ್ಣಿಗೆ ಬೀಳುತ್ತದೆ. ಮೊನ್ನೆ ಹದಡಿಯವರೊಬ್ಬರು ಹೇಳಿದರು — ನಿಮ್ಮತ್ತೆ ತೀರಿಕೊಂಡಳಂತೆ. ಮಗ ಶಾಲೆಗೆ ಹೋಗುತ್ತಾನಂತೆ. ನೀನು ಇವತ್ತಿಗೂ ಬಾಗಿಲಿಗೆ ಬೀಗ ಹಾಕಿ, ಹಾಕಿದೆನೋ ಇಲ್ಲವೋ ಅಂತ ಆ ಹುಡುಗನನ್ನೇ ಕೇಳುತ್ತೀಯಂತೆ.

ನಿನಗೆ ಓದು ಬಾರದು. ಈ ಕಾಗದ ಬೇರೆಯವರ ಬಾಯಿಂದ ಓದಿಸಿದರೆ ಅದು ನನ್ನ ಇನ್ನೊಂದು ಹೇಡಿತನ. ನಾಳೆ ಮೊದಲ ಬಸ್ಸಿಗೆ ಹದಡಿಗೆ ಬರುತ್ತೇನೆ. ಹೊರಗೆ ನಿಲ್ಲಿಸಿದರೆ ಹೊರಗೇ ನಿಂತು ಹೇಳುತ್ತೇನೆ. ಕ್ಷಮಿಸು ಅನ್ನುವುದಿಲ್ಲ, ಹಾಲಮ್ಮ. ಆ ಸೋಮವಾರ ನಿನ್ನ ನೆನಪು ಸರಿಯಾಗಿಯೇ ಇತ್ತು — ಅಷ್ಟನ್ನು, ನಿನ್ನ ಮಗನ ಎದುರಿಗೆ, ನಿನಗೆ ಒಪ್ಪಿಸಿ ಬರುತ್ತೇನೆ.