ನನ್ನ ಬೆಕ್ಕಿನ ತವರು

“ಬೆಕ್ಕ್ ಸಿಕ್ತೇನ್ರಿ ಅಕ್ಕಾರ?”

ಬಸವಕಲ್ಯಾಣದ ಬಜಾರಿನಲ್ಲಿ ಬದನೆಕಾಯಿ ಮಾರುವ ಮುದುಕ ಹೀಗೆ ಕೇಳಿದಾಗ ಬೆಚ್ಚಿಬಿದ್ದೆ. ಆತನನ್ನು ನಾನು ಕಂಡೇ ಇರಲಿಲ್ಲ. ಯಜಮಾನರ ವರ್ಗಾವಣೆಯ ಬೆನ್ನಿಗೆ ಮೈಸೂರಿನಿಂದ ಇಲ್ಲಿಗೆ ಬಂದು ಎರಡು ವರ್ಷವಾದರೂ ನನ್ನ ಹೆಸರು ಗೊತ್ತಿದ್ದದ್ದು ಮನೆ ಮಾಲೀಕರಿಗೆ, ಗ್ಯಾಸ್ ತರುವವನಿಗೆ. ನನ್ನ ಬೆಕ್ಕು ಪುಟ್ಟಿ ಕಳೆದುಹೋದ ಮರುದಿನಕ್ಕೇ ಅದರ ಹೆಸರು, ಬಣ್ಣ, ಬಾಲದ ತುದಿಯ ಬಿಳಿ ಮಚ್ಚೆ ಎಲ್ಲ ಊರಿಗೆ ಬಾಯಿಪಾಠ!

ಇದು ಪಕ್ಕದ ಮನೆಯ ಶಾಂತಾಬಾಯಿಯ ಕೆಲಸ. ಪುಟ್ಟಿಯ ಫೋಟೋವನ್ನು ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದರು. ಅಲ್ಲಿಂದ ಹಾಲಿನವರ ಗುಂಪಿಗೆ, ಟೆಂಪೋದವರ ಗುಂಪಿಗೆ, ಮಂಠಾಳದ ಬೀಗರ ಗುಂಪಿಗೆ. ಅದೇ ಓಣಿಯ ಗುಂಪಿಗೆ ನಾನು ದಿನಾ ಕಳಿಸುವ ಶುಭೋದಯಕ್ಕೆ ಇವತ್ತಿಗೂ ಒಂದು ಹೆಬ್ಬೆರಳು ಬಿದ್ದಿಲ್ಲ. ಮೈಸೂರಿನಲ್ಲಿ ಬೆಕ್ಕು ಹೋದರೆ ಕಂಬಕ್ಕೆ ಚೀಟಿ ಅಂಟಿಸಿ ಸುಮ್ಮನಾಗುತ್ತಿದ್ದೆವು. ಇಲ್ಲಿ ‘ತಲಾಷ್’, ಅಂದರೆ ಹುಡುಕಾಟ, ತಾಲ್ಲೂಕಿಗೇ ಸೇರಿದ್ದು.

ಚಿಂತೆಗೆ ಸಂಬಳವಿದ್ದರೆ ನಾನು ಯಜಮಾನರಿಗಿಂತ ಹೆಚ್ಚು ದುಡಿಯುತ್ತಿದ್ದೆ. ನಾಯಿ ಕಚ್ಚಿರಬೇಕು, ಬಾವಿಗೆ ಬಿದ್ದಿರಬೇಕು ಎಂದು ಪುಟ್ಟಿಯನ್ನು ಮನಸ್ಸಿನಲ್ಲೇ ಹಲವು ಸಲ ಮಣ್ಣು ಮಾಡಿದ್ದಾಯಿತು. ಒಂದು ಸಂಜೆ ಶಾಂತಾಬಾಯಿ ಗೋಡೆಯಾಚೆಯಿಂದ ಕೂಗಿದರು: “ಅಳೂದು ಸಾಕ್ರಿ! ನಿಮ್ಮ ಪುಟ್ಟಿ ಜೋಳದ ಚೀಲದ ಟೆಂಪೋದಾಗ ಮಲ್ಕೊಂಡು ಹುಮನಾಬಾದಕ್ಕ ಹೋಗ್ಯಾಳ. ಅಲ್ಲೊಬ್ರು ಆಯಿ ಜ್ವಾಪಾನ ಮಾಡಾಕತ್ತಾರ.”

ಇಲ್ಲಿ ಆಯಿ ಅಂದರೆ ಅಜ್ಜಿ. ಮರುದಿನ ನಾನು, ಶಾಂತಾಬಾಯಿ ಇಬ್ಬರೂ ಹೋದೆವು. ನನ್ನ ಕೈಯ ಮೊಸರನ್ನವನ್ನು ಮೂಸಿ ಬಿಡುವ ಮಹಾರಾಣಿ ಅಲ್ಲಿ ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ ತಿಂದು, ಆಯಿಯ ತೊಡೆಯ ಮೇಲೆ ಗುರುಗುಡುತ್ತಿದ್ದಳು. “ಪುಟ್ಟಿ” ಎಂದೆ. ಒಂದು ಕಣ್ಣು ತೆರೆದು, ನೋಡಿ, ಮುಚ್ಚಿದಳು. ಹೊಟ್ಟೆ ಉರಿದುಹೋಯಿತು.

“ನನ್ನ ಬೆಕ್ಕು ಅಜ್ಜಿ, ಕೊಡಿ” ಎಂದೆ, ಕೊಂಚ ಜೋರಾಗಿಯೇ.

“ಕೊಡ್ತೀನ್ ತಡಿ ತಾಯಿ, ನಾ ಏನ್ ನುಂಗ್ತೀನೇನು? ಇಷ್ಟ್ ದಿನ ಮನ್ಯಾಗಿದ್ದ ಹೆಣ್ಣುಮಗಳು. ಹಂಗ ಬರಿಗೈಲೆ ಕಳಸ್ತಾರೇನು?”

ಒಳಗೆ ಹೋಗಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಬುಸದ ಖಣ ತಂದರು. ಬೆಕ್ಕಿಗೆ ಉಡಿ! ನಮ್ಮ ಕಡೆ ಮಡಿಲಕ್ಕಿ ಎನ್ನುವುದನ್ನು ಇಲ್ಲಿ ಉಡಿ ಎನ್ನುತ್ತಾರೆ. ಹೊರಟ ಮನೆಮಗಳಿಗೆ ತುಂಬುವುದು. ಈ ಸೀಮೆಯಲ್ಲಿ ನನಗೆ ಯಾರೂ ಉಡಿ ತುಂಬಿರಲಿಲ್ಲ. ಏನು ಅಂದುಕೊಳ್ಳುತ್ತಾರೋ ಎಂದು ನಾನು ಯಾರ ಮನೆಗೂ ಹೋದವಳಲ್ಲ, ನಿಜ. ಆದರೂ ಈ ಬೆಕ್ಕು ಏನು ಅಂದುಕೊಂಡು ಟೆಂಪೋ ಹತ್ತಿತ್ತು?

“ಆಕಿಗೆ ಸೆರಗಿಲ್ಲ, ನೀನೇ ಹಿಡಿಯವ್ವ” ಎಂದರು ಆಯಿ. ಶಾಂತಾಬಾಯಿ ಮುಖ ತಿರುಗಿಸಿ ನಕ್ಕರು. ದುಪಟ್ಟಾ ಒಡ್ಡಿದೆ. ಅಕ್ಕಿ ಬೀಳುತ್ತಿದ್ದಂತೆ ಕಣ್ಣು ತುಂಬಿತು.

“ಬೆಕ್ಕ್ ಸಿಕ್ತಲ್ಲ, ಮತ್ಯಾಕ ಅಳ್ತಿ?”

ಅಕ್ಕಿ ಚೆಲ್ಲದಂತೆ ದುಪಟ್ಟಾಕ್ಕೆ ಗಂಟು ಹಾಕಿದೆ.

ಬಸ್ಸಿನಲ್ಲಿ ಪುಟ್ಟಿ ಬುಟ್ಟಿಯೊಳಗಿಂದ ಹುಮನಾಬಾದಿಗಾಗಿ ದಾರಿಯುದ್ದಕ್ಕೂ ಕೂಗಿದಳು. ಮೈಸೂರಿನ ತಂಗಿಗೆ ಮಡಿಲಿನ ಫೋಟೋ ಕಳಿಸಿದೆ. “ಯಾರು ಕೊಟ್ಟಿದ್ದು ಅಕ್ಕ?” ಎಂದು ಕೇಳಿದಳು. ‘ತವರಿನವರು’ ಎಂದು ಒತ್ತಿದೆ. ಅಮ್ಮನ ಮನೆಯಲ್ಲೇ ಇರುವವಳು, ನೊಂದುಕೊಂಡಾಳು ಎಂದು ಅಳಿಸಿದೆ. ‘ಯಾರೋ’ ಎಂದು ಒತ್ತಿದೆ. ಅದನ್ನೂ ಕಳಿಸಲಾಗಲಿಲ್ಲ.